ದೊಡ್ಡ ಕಾಲಿನ ಹಲ್ಲಿ

ಬಾಲಮಿತ್ರರೇ, ಬಸವನಗುಡಿಯ ದೊಡ್ಡ ಬಸವಣ್ಣನನ್ನು ನೀವು ನೋಡಿದ್ದೀರಲ್ಲವೆ? ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಅಂಥ ಎರಡು ಬಸವಣ್ಣಗಳನ್ನು ಒಂದರ ಹಿಂದೊಂದು ಕೂರಿಸಿದರೂ ಉದ್ದದಲ್ಲಿ ಸಮನಾಗದಂಥ ಪ್ರಾಣಿಯೊಂದು ನಮ್ಮ ದೇಶದಲ್ಲೇ ಇತ್ತು. ಅದೇ ಬಾರಾಪಾಸಾರಸ್ ಟಾಗೋರೈ.

ಹೆಸರು ಕೇಳಿ ಹೆದರಬೇಡಿ. ಬಂಗಾಳಿಯಲ್ಲಿ ‘ಬಡ ಪಾ’ ಎಂದರೆ ದೊಡ್ಡ ಕಾಲು. ಗ್ರೀಕಿನಲ್ಲಿ ‘ಸಾರಸ್’ ಎಂದರೆ ಹಲ್ಲಿ. ತೆಲಂಗಾಣ–ಮಹಾರಾಷ್ಟ್ರ ಗಡಿಯ ಗೋದಾವರಿ ಕಣಿವೆಯಲ್ಲಿ ಇದರ ಎಲುಬುಗಳನ್ನು ಬಹುಪಾಲು ಅಗೆದು ತೆಗೆದದ್ದು 1961ರಲ್ಲಿ. ಅದು ಕವಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಆದ್ದರಿಂದಲೇ 1975ರಲ್ಲಿ ಹೆಸರಿಟ್ಟಾಗ ಅವರನ್ನೂ ಸೇರಿಸಿಕೊಂಡರು. ಸುಮಾರು 300 ಎಲುಬುಗಳು ದೊರೆತವು. ಆರು ಪ್ರಾಣಿಗಳಾದರೂ ಅಲ್ಲಿ ಸತ್ತಿದ್ದವು. ತಲೆಬುರುಡೆ ಮಾತ್ರ ಸಿಗಲಿಲ್ಲ. ಜೋಡಿಸಿದ ಅಸ್ಥಿಪಂಜರ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ.

ಉದ್ದ ಸುಮಾರು 46 ಅಡಿ. ತೊಡೆಯ ಮೂಳೆಯೊಂದೇ ಐದೂವರೆ ಅಡಿ, ಎಂದರೆ ನಿಮ್ಮ ತಂದೆಯವರ ಎತ್ತರ! ಇಷ್ಟಾದರೂ ಅದು ಶುದ್ಧ ಸಸ್ಯಾಹಾರಿ. ಈ ಜಾತಿಯ ಪ್ರಾಣಿಗಳು ಹಸುವಿನಂತೆ ಮೆಲುಕು ಹಾಕುತ್ತಿರಲಿಲ್ಲ. ಸೊಪ್ಪನ್ನು ಕಿತ್ತು ಹಾಗೆಯೇ ನುಂಗುತ್ತಿದ್ದವು. ಜೀರ್ಣದ ಕೆಲಸವೆಲ್ಲ ಹೊಟ್ಟೆಯದೇ. ಆದ್ದರಿಂದ ಹೊಟ್ಟೆ ದೊಡ್ಡದು, ಅದನ್ನು ಹೊರಲು ಕಂಬದಂಥ ಕಾಲುಗಳು. ಅಷ್ಟು ಭಾರದ ಮೈಯನ್ನು ಪದೇ ಪದೇ ಎಳೆದಾಡುವ ಬದಲು, ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪನ್ನು ಎಟುಕಿಸಿಕೊಳ್ಳಲು ಉದ್ದನೆಯ ಕತ್ತು.

“ಹಾಗಾದರೆ ನಮ್ಮ ಬ್ಯೂಗಲ್ ರಾಕಿನಲ್ಲಿ ಹುಡುಕಿದರೆ ಒಂದಾದರೂ ಎಲುಬು ಸಿಕ್ಕೀತೆ?” ಎಂದು ನೀವು ಕೇಳಬಹುದು. ಸಿಗದು. ಎಲುಬು ಉಳಿಯಬೇಕಾದರೆ ಸತ್ತ ಪ್ರಾಣಿಯನ್ನು ಕೆಸರೋ ಮರಳೋ ಬೇಗನೆ ಮುಚ್ಚಬೇಕು. ಆ ಕೆಸರು ಪದರಪದರವಾಗಿ ಕೂತು ಕಲ್ಲಾಗಬೇಕು. ಗೋದಾವರಿ ಕಣಿವೆಯಲ್ಲಿ ಆದದ್ದು ಅದೇ. ನಮ್ಮ ಬ್ಯೂಗಲ್ ರಾಕ್, ಲಾಲ್‌ಬಾಗಿನ ಬಂಡೆ ಇವು ಭೂಮಿಯ ಆಳದ ಕುಲುಮೆಯಲ್ಲಿ ಬೆಂದು ಮೂಡಿದ ಕಲ್ಲು. ಅಲ್ಲಿ ಎಲುಬಿಗೆಲ್ಲಿ ಜಾಗ?

ಆದರೆ ನಿರಾಶೆ ಬೇಡ. ಆ ಪ್ರಾಣಿ ಬದುಕಿದ್ದು ಸುಮಾರು 18 ಕೋಟಿ ವರ್ಷಗಳ ಹಿಂದೆ. ನಮ್ಮ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ದೊಡ್ಡ ಕಾಲಿನ ಹಲ್ಲಿ ಮೊದಲ ಹೆಜ್ಜೆಯಿಡುವ ವೇಳೆಗೆ ಬ್ಯೂಗಲ್ ರಾಕಿಗೆ ಆಗಲೇ 280 ಕೋಟಿ ವರ್ಷ ದಾಟಿತ್ತು. ಮುಂದಿನ ಕಡಲೆಕಾಯಿ ಪರಿಷೆಗೆ ಹೋದಾಗ ಆ ಬಂಡೆಯ ಮೇಲೆ ಕುಳಿತು ಕಾಯಿ ಸುಲಿಯುತ್ತಾ ಇದನ್ನೊಮ್ಮೆ ನೆನೆದುಕೊಳ್ಳಿ.