ಕ್ರೂಸ್ ಬಂದರಿನಲ್ಲಿ ಇಳಿದ ಮೇಲೆ: ಹಡಗಿನ ಟೂರೋ, ಸ್ವಂತ ಗಾಡಿಯೋ, ಇಳಿಯದೇ ಇರುವುದೋ?

ಸಿಂಗಪುರದಿಂದ ಹೊರಡುವ ಕ್ರೂಸ್ ಬಗ್ಗೆ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ ಕ್ಯಾಬಿನ್‌ದು. ಬಾಲ್ಕನಿ ಬೇಕಾ, ಕಿಟಕಿ ಸಾಕಾ? ಅದು ಸುಲಭದ ಲೆಕ್ಕ. ಕಷ್ಟದ ಪ್ರಶ್ನೆ ಬುಕಿಂಗ್ ಆದ ಮೇಲೆ ಬರುತ್ತದೆ. ಹಡಗಿನ ಆ್ಯಪ್ ತೆರೆದರೆ ಪ್ರತಿ ಬಂದರಿಗೂ ಟೂರ್‌ಗಳ ಉದ್ದ ಪಟ್ಟಿ, ತಲೆಗೆ ಇಷ್ಟು ಡಾಲರ್ ಎಂದು. ಅದೇ ಜಾಗಕ್ಕೆ ಹೊರಗಡೆ ವ್ಯಾನ್ ಕೇಳಿದರೆ ಅರ್ಧ ಬೆಲೆ ಹೇಳುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ರಜೆ, ನಾಲ್ಕೈದು ಜನರ ಖರ್ಚು. "ಅರ್ಧ ಬೆಲೆಗೆ ಸಿಗುವಾಗ ಹಡಗಿನವರಿಗೆ ಯಾಕೆ ಕೊಡಬೇಕು?" ಎಂದು ಕೇಳುವವರೂ ಇದ್ದಾರೆ. "ಹಡಗು ಬಿಟ್ಟು ಹೋದರೆ ಏನು ಗತಿ?" ಎಂದು ಹೆದರಿ ಎಲ್ಲ ಬಂದರಿನಲ್ಲೂ ಹಡಗಿನ ಟೂರನ್ನೇ ಕೊಳ್ಳುವವರೂ ಇದ್ದಾರೆ.

ಎಲ್ಲ ಬಂದರಿಗೂ ಒಂದೇ ಉತ್ತರ ಹಿಡಿದರೆ ಎರಡೂ ಕಡೆಯವರು ಕಳೆದುಕೊಳ್ಳುತ್ತಾರೆ. ಒಂದೊಂದು ಬಂದರಿಗೂ ಲೆಕ್ಕ ಬೇರೆ. ಆ ಲೆಕ್ಕ ಹಾಕುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಂಟೆಗಳ ಬಜೆಟ್

ಪ್ರವಾಸಪಟ್ಟಿಯಲ್ಲಿ ಊರಿನ ಹೆಸರು ದೊಡ್ಡದಾಗಿ, ಬಂದರಿನ ಹೆಸರು ಸಣ್ಣದಾಗಿ ಇರುತ್ತದೆ. ಸಣ್ಣ ಅಕ್ಷರವನ್ನೇ ಓದಿ. "ಬ್ಯಾಂಕಾಕ್" ಎಂದರೆ ದೊಡ್ಡ ಹಡಗುಗಳಿಗೆ ಲೇಮ್ ಚಬಾಂಗ್; ಅಲ್ಲಿಂದ ಬ್ಯಾಂಕಾಕ್ ಸುಮಾರು 130 ಕಿ.ಮೀ. "ಹೋ ಚಿ ಮಿನ್ ಸಿಟಿ" ಎಂದರೆ ಹೆಚ್ಚಾಗಿ ಫು ಮಿ, ಊರಿಗೆ ರಸ್ತೆಯಲ್ಲಿ ಎರಡು ಗಂಟೆಯವರೆಗೂ ಹಿಡಿಯಬಹುದು. "ಕೌಲಾಲಂಪುರ" ಎಂದರೆ ಪೋರ್ಟ್ ಕ್ಲಾಂಗ್, ಒಂದು ಗಂಟೆಗೂ ಮೇಲೆ. "ಹುಯೆ, ಡಾ ನಾಂಗ್" ಎಂದಿದ್ದರೆ ಅವೆರಡರ ನಡುವೆ ಇರುವ ಚಾನ್ ಮೇ ಆಗಿರಬಹುದು. ಪೆನಾಂಗ್ ಮಾತ್ರ ಹೆಸರಿಗೆ ತಕ್ಕ ಹಾಗೆ: ಹಡಗು ಜಾರ್ಜ್‌ಟೌನ್ ಪಕ್ಕದಲ್ಲೇ ನಿಲ್ಲುತ್ತದೆ.

ಈಗ ಗಂಟೆಗಳಿಗೆ ಬರೋಣ. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 10 ಗಂಟೆ. ಅದರಿಂದ ಕಳೆಯುತ್ತಾ ಹೋಗಿ:

- ಬಂದರಿನ ಅಧಿಕಾರಿಗಳ ಅನುಮತಿ, ಇಳಿಯುವ ಕ್ಯೂ, ಇಮಿಗ್ರೇಷನ್: 1 ಗಂಟೆ
- ಎಲ್ಲರೂ ವಾಪಸ್ ಹತ್ತಿರಬೇಕಾದ ಸಮಯ, ಹೊರಡುವುದಕ್ಕೆ ಮುಂಚೆ: 1 ಗಂಟೆ ಎಂದು ಹಿಡಿಯಿರಿ
- ನಿಮ್ಮದೇ ಮುಂಜಾಗ್ರತೆಯ ಅಂತರ: 1 ಗಂಟೆ

ಉಳಿದದ್ದು 7 ಗಂಟೆ. ಪೆನಾಂಗ್‌ನಲ್ಲಾದರೆ ಈ ಏಳೂ ನಿಮ್ಮವೇ. ಲೇಮ್ ಚಬಾಂಗ್‌ನಿಂದ ಬ್ಯಾಂಕಾಕ್‌ಗೆ ಹೋಗುವುದಾದರೆ ಹೋಗಿ ಬರುವ ದಾರಿಗೆ 4 ಗಂಟೆ ಕಳೆಯಿರಿ, 3 ಉಳಿಯಿತು. ಅದೂ ಟ್ರಾಫಿಕ್ ಒಳ್ಳೆಯದಿದ್ದರೆ. ಆ ಮೂರು ಗಂಟೆಯಲ್ಲಿ ಅರಮನೆ, ಮಲಗಿರುವ ಬುದ್ಧ, ಊಟ, ಶಾಪಿಂಗ್ ಎಲ್ಲ ಮುಗಿಸುತ್ತೇವೆ ಎಂದುಕೊಂಡರೆ ಅಪ್ಪ ಅಮ್ಮನಿಗೆ ನೆನಪಿನಲ್ಲಿ ಉಳಿಯುವುದು ವ್ಯಾನಿನ ಕಿಟಕಿ ಮಾತ್ರ.

ಹಾಗಾಗಿ ಟೂರಿನ ಬೆಲೆಯನ್ನು ಒಟ್ಟು ಮೊತ್ತವಾಗಿ ನೋಡಬೇಡಿ. ಕೈಗೆ ಸಿಗುವ ಗಂಟೆಗಳಿಂದ ಭಾಗಿಸಿ ನೋಡಿ. 10 ಗಂಟೆಯ ಟೂರ್ ಎಂದು ಮಾರಿದರೂ ನೀವು ಕೊಳ್ಳುತ್ತಿರುವುದು 3 ಗಂಟೆ.

ಹಡಗಿನ ಟೂರಿನ ಹೆಚ್ಚುವರಿ ಬೆಲೆ ಒಂದು ಪ್ರೀಮಿಯಂ

ಹಡಗಿನವರು ಮಾರುವ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ನೀವೇ ಮಾಡಿಕೊಂಡ ಗಾಡಿ ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ. ಎರಡು ಬೆಲೆಗಳ ನಡುವಿನ ವ್ಯತ್ಯಾಸವೇ ವಿಮೆಯ ಪ್ರೀಮಿಯಂ. ವಿಮೆ ಕೊಳ್ಳಬೇಕೋ ಬೇಡವೋ ಎಂದು ಹೇಗೆ ನೋಡುತ್ತೇವೋ ಹಾಗೇ ಇದನ್ನೂ ನೋಡಬಹುದು.

ಒಂದು ಉದಾಹರಣೆ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ಹಡಗಿನ ಬೆಲೆ ಹಾಕಿ ನೋಡಿಕೊಳ್ಳಿ. ಹಡಗಿನ ಟೂರ್ ತಲೆಗೆ 100 ಡಾಲರ್. ಹೊರಗಿನ ವ್ಯಾನ್ ಇಡೀ ದಿನಕ್ಕೆ 180 ಡಾಲರ್. ಹಡಗು ತಪ್ಪಿದರೆ ವಿಮಾನ, ಹೋಟೆಲ್, ಕಳೆದುಹೋದ ಕ್ರೂಸ್ ದಿನ ಎಲ್ಲ ಸೇರಿ ತಲೆಗೆ 500 ಡಾಲರ್ ನಷ್ಟ.

ನಾಲ್ಕು ಜನರಿದ್ದರೆ ಹಡಗಿನ ಟೂರ್ 400, ವ್ಯಾನ್ 180. ಪ್ರೀಮಿಯಂ 220. ನಷ್ಟ 2,000. ಭಾಗಿಸಿದರೆ 11%. ಅಂದರೆ ಹಡಗು ತಪ್ಪುವ ಸಾಧ್ಯತೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಬರೀ ಲೆಕ್ಕದ ದೃಷ್ಟಿಯಿಂದ ಹಡಗಿನ ಟೂರ್ ಲಾಭ. ಸಮಯ ಬಿಟ್ಟುಕೊಂಡು ಹೊರಡುವ ಕುಟುಂಬಕ್ಕೆ ಅಷ್ಟು ಅಪಾಯ ಇರುವುದಿಲ್ಲ.

ಇಬ್ಬರೇ ಇದ್ದರೆ? ಹಡಗಿನ ಟೂರ್ 200, ವ್ಯಾನ್ ಅದೇ 180. ಪ್ರೀಮಿಯಂ ಬರೀ 20, ನಷ್ಟ 1,000. ಈಗ 2% ಅಪಾಯಕ್ಕೇ ಹಡಗಿನ ಟೂರ್ ಸರಿಹೋಗುತ್ತದೆ. ಹಡಗಿನವರು ತಲೆಗೆ ದುಡ್ಡು ತೆಗೆದುಕೊಳ್ಳುತ್ತಾರೆ, ವ್ಯಾನಿನವರು ಗಾಡಿಗೆ. ಆದ್ದರಿಂದ ದೂರದ ಬಂದರಿನಲ್ಲಿ ದಂಪತಿಗೆ ಒಂದು ಉತ್ತರ, ನಾಲ್ಕೈದು ಜನರ ಕುಟುಂಬಕ್ಕೆ ಇನ್ನೊಂದು.

ಆದರೆ ವಿಮೆಯನ್ನು ಸರಾಸರಿ ನಷ್ಟಕ್ಕೆ ಮಾತ್ರ ಕೊಳ್ಳುವುದಿಲ್ಲ, ತಡೆದುಕೊಳ್ಳಲಾಗದ ನಷ್ಟಕ್ಕೂ ಕೊಳ್ಳುತ್ತೇವೆ. ಅಮ್ಮನ ಬಿಪಿ ಮಾತ್ರೆ, ಅಪ್ಪನ ಇನ್ಸುಲಿನ್ ಕ್ಯಾಬಿನ್‌ನಲ್ಲಿ, ಪಾಸ್‌ಪೋರ್ಟ್ ಹಡಗಿನವರ ಹತ್ತಿರ, ನೀವು ರಸ್ತೆಯಲ್ಲಿ ಎನ್ನುವ ಪರಿಸ್ಥಿತಿಗೆ 500 ಡಾಲರ್ ಎಂದು ಬೆಲೆ ಕಟ್ಟಲಾಗುವುದಿಲ್ಲ. ವಯಸ್ಸಾದವರು ಜೊತೆಗಿದ್ದು ಬಂದರು ದೂರದ್ದಾದರೆ, ಶೇಕಡಾ ಲೆಕ್ಕ ವ್ಯಾನ್ ಕಡೆ ತೋರಿಸಿದರೂ ನಾನು ಹಡಗಿನ ಟೂರನ್ನೇ ಆರಿಸುತ್ತೇನೆ. ಇಲ್ಲವೇ ದೂರಕ್ಕೆ ಹೋಗುವುದನ್ನೇ ಕೈಬಿಡುತ್ತೇನೆ.

ಇನ್ನೊಂದು ವಿಷಯ. ಕೆಲವು ಹೊರಗಿನ ಟೂರ್ ಕಂಪನಿಗಳು "ಹಡಗಿಗೆ ವಾಪಸ್ ತಲುಪಿಸುವ ಗ್ಯಾರಂಟಿ" ಎಂದು ಬರೆದಿರುತ್ತವೆ. ಒಳಗಿನ ಷರತ್ತು ಓದಿ. ತಡವಾದರೆ ಮುಂದಿನ ಬಂದರಿಗೆ ಹೋಗುವ ಖರ್ಚು ಕೊಡುತ್ತೇವೆ ಎಂದಷ್ಟೇ ಅದರ ಅರ್ಥ ಇರಬಹುದು. ಆ ಗ್ಯಾರಂಟಿಗೆ ಹಡಗು ಕಾಯುವುದಿಲ್ಲ. ಹವಾಮಾನದಿಂದ ಹಡಗು ಬಂದರಿಗೇ ಬಾರದಿದ್ದರೆ ದುಡ್ಡು ವಾಪಸ್ ಬರುತ್ತದೆಯೇ ಎಂಬುದನ್ನೂ ಬುಕ್ ಮಾಡುವ ಮೊದಲೇ ನೋಡಿ.

ಬಂದರು ಬಂದರಿಗೆ ಉತ್ತರ

ಪೆನಾಂಗ್: ಪ್ರೀಮಿಯಂ ಕೊಡುವ ಅಗತ್ಯವೇ ಇಲ್ಲ. ಸ್ವೆಟೆನ್‌ಹ್ಯಾಮ್ ಪಿಯರ್‌ನಿಂದ ಹೊರಬಂದರೆ ಗಡಿಯಾರ ಗೋಪುರ, ಕಾರ್ನ್‌ವಾಲಿಸ್ ಕೋಟೆ ಎದುರಿಗೇ. ಅಲ್ಲಿಂದ ನಡೆದರೆ ಲಿಟಲ್ ಇಂಡಿಯಾ, ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ್ ದೇವಸ್ಥಾನ, ಕಪಿತಾನ್ ಕೆಲಿಂಗ್ ಮಸೀದಿ. 2008ರಲ್ಲಿ ಮಲಾಕಾ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಇದು. ಇಡ್ಲಿ ದೋಸೆಗೆ, ಬಾಳೆ ಎಲೆ ಊಟಕ್ಕೆ ಪರದಾಡಬೇಕಿಲ್ಲ. ಹತ್ತು ನಿಮಿಷ ಬಿಸಿಲು ಜಾಸ್ತಿ ಅನ್ನಿಸಿದರೆ ಗ್ರ್ಯಾಬ್ ಕರೆಯಿರಿ. ಸಮಯವಿದ್ದರೆ ಪೆನಾಂಗ್ ಹಿಲ್ ಅಥವಾ ಕೆಕ್ ಲೋಕ್ ಸಿ, ಎರಡರಲ್ಲಿ ಒಂದು ಸಾಕು.

ಪೋರ್ಟ್ ಕ್ಲಾಂಗ್: ಟರ್ಮಿನಲ್ ಇರುವುದು ಪುಲಾವ್ ಇಂಡಾ ದ್ವೀಪದಲ್ಲಿ. "ಪೋರ್ಟ್ ಕ್ಲಾಂಗ್‌ನಿಂದ ಕೌಲಾಲಂಪುರಕ್ಕೆ ರೈಲಿದೆ" ಎಂಬುದು ನಿಜ, ಆದರೆ ಆ ಸ್ಟೇಷನ್ ಟರ್ಮಿನಲ್ ಪಕ್ಕದಲ್ಲಿಲ್ಲ. ಅಲ್ಲಿಗೂ ಟ್ಯಾಕ್ಸಿ ಬೇಕು. ಅವಳಿ ಗೋಪುರ ಮತ್ತು ಬಾತು ಗುಹೆ ಎರಡನ್ನೂ ನೋಡುವ ಆಸೆ ಇದ್ದರೆ ಹಡಗಿನ ಟೂರ್ ಒಳ್ಳೆಯದು. ಬಾತು ಗುಹೆಗೆ 272 ಮೆಟ್ಟಿಲು. ಮಂಡಿ ನೋವಿದ್ದವರಿಗೆ ಕೆಳಗಿನ ಮುರುಗನ್ ಮೂರ್ತಿಯ ದರ್ಶನವೇ ಸಾಕು. ಕೌಲಾಲಂಪುರವನ್ನು ಸಿಂಗಪುರದಿಂದ ಬಸ್ಸಿನಲ್ಲೋ ವಿಮಾನದಲ್ಲೋ ಯಾವಾಗ ಬೇಕಾದರೂ ನೋಡಬಹುದಾದವರು ಕ್ಲಾಂಗ್ ಊರಿನ ಲಿಟಲ್ ಇಂಡಿಯಾ, ಶಾ ಆಲಂನ ನೀಲಿ ಮಸೀದಿ ನೋಡಿ ಆರಾಮಾಗಿ ವಾಪಸ್ ಬನ್ನಿ.

ಲೇಮ್ ಚಬಾಂಗ್: ಹಡಗು ರಾತ್ರಿ ತಂಗುವುದಿದ್ದರೆ ಮೊದಲ ದಿನ ಬ್ಯಾಂಕಾಕ್, ಎರಡನೇ ದಿನ ಹತ್ತಿರದ್ದು. ಒಂದೇ ದಿನವಾದರೆ ಪಟ್ಟಾಯ ಕಡೆಯ ಸ್ಯಾಂಕ್ಚುರಿ ಆಫ್ ಟ್ರುತ್ ನೋಡಿ. 1981ರಲ್ಲಿ ಕೆಲಸ ಶುರುವಾದ, ಪೂರ್ತಿ ಮರದಲ್ಲಿ ಕೆತ್ತುತ್ತಿರುವ ಭವನ. ಬುದ್ಧನ ಜೊತೆಗೆ ನಮ್ಮ ದೇವರುಗಳೂ ಇದ್ದಾರೆ, ಹಿರಿಯರಿಗೆ ಕಥೆ ತಾನಾಗೇ ಅರ್ಥವಾಗುತ್ತದೆ. ಬ್ಯಾಂಕಾಕ್‌ಗೆ ಹೋಗಲೇಬೇಕೆಂದರೆ ಅರಮನೆಯ ಟಿಕೆಟ್ ಮಧ್ಯಾಹ್ನ 3:30ಕ್ಕೆ ನಿಲ್ಲುತ್ತದೆ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಬೇಕು ಎಂಬುದು ನೆನಪಿರಲಿ.

ಫು ಮಿ: ಸೈಗಾನ್ ನೋಡಿರದವರು ಹಡಗಿನ ಟೂರಿನಲ್ಲೋ ಹಡಗಿನವರ ಬಸ್ಸಿನಲ್ಲೋ ಹೋಗಿ. ಬೆನ್ ಥಾನ್ ಮಾರುಕಟ್ಟೆ, ಅದರ ಹತ್ತಿರದ ಮಾರಿಯಮ್ಮನ್ ದೇವಸ್ಥಾನ, ಹಳೆಯ ಅಂಚೆ ಕಚೇರಿ ಒಂದೇ ಭಾಗದಲ್ಲಿವೆ. ನೋಡಿರುವವರಿಗೆ ಸಮುದ್ರ ತೀರದ ವುಂಗ್ ತಾವ್ ಹೆಚ್ಚು ಹತ್ತಿರ.

ಚಾನ್ ಮೇ: ಹುಯೆ, ಡಾ ನಾಂಗ್, ಹೋಯಿ ಆನ್ ಮೂರೂ ಒಂದೇ ದಿನ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಹುಯೆ ಒಂದು ದಿಕ್ಕು, ಉಳಿದೆರಡು ಇನ್ನೊಂದು ದಿಕ್ಕು. ನನ್ನ ಆಯ್ಕೆ ಡಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯ, ಆಮೇಲೆ ಹೋಯಿ ಆನ್. ಮಿ ಸೋನ್‌ನ ಶಿವಾಲಯಗಳ ತನಕ ಹೋಗಲು ಸಮಯವಿಲ್ಲದಿದ್ದರೂ ಅಲ್ಲಿನ ಶಿಲ್ಪಗಳು ಈ ಸಂಗ್ರಹಾಲಯದಲ್ಲಿ ಸಿಗುತ್ತವೆ.

ಫುಕೆಟ್: ಪಟೋಂಗ್ ಎದುರು ಹಡಗು ಸಮುದ್ರದಲ್ಲೇ ನಿಂತರೆ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ದೋಣಿಯ ಕ್ಯೂಗೆ ಎರಡೂ ಕಡೆ ಸಮಯ ಕಳೆಯಿರಿ, ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಂಡಮಾನ್ ಕಡೆಯ ಸಮುದ್ರ ಒರಟು. ಆ ತಿಂಗಳುಗಳಲ್ಲಿ ಸ್ಪೀಡ್ ಬೋಟ್‌ನಲ್ಲಿ ಫಿ ಫಿ ದ್ವೀಪಕ್ಕೆ ಹೊರಗಿನವರ ಮೂಲಕ ಹೋಗುವುದು ನನ್ನ ದೃಷ್ಟಿಯಲ್ಲಿ ಅನಗತ್ಯ ಅಪಾಯ. ಹಳೆಯ ಫುಕೆಟ್ ಪೇಟೆ ಸಾಕು.

ಗಡಿಯಾರ

ಸಿಂಗಪುರ, ಮಲೇಷ್ಯಾ ಒಂದು ಸಮಯ. ಥಾಯ್ಲೆಂಡ್, ವಿಯೆಟ್ನಾಂ ಒಂದು ಗಂಟೆ ಹಿಂದೆ. ಹಡಗು ತನ್ನ ಗಡಿಯಾರ ಬದಲಿಸದೇ ಇರಬಹುದು, ನಿಮ್ಮ ಫೋನ್ ಮಾತ್ರ ದಡ ಮುಟ್ಟಿದ ಕೂಡಲೇ ತಾನೇ ಬದಲಾಗುತ್ತದೆ. ಹಡಗಿನ ಸಮಯದಲ್ಲಿ 5:30ಕ್ಕೆ ಹತ್ತಬೇಕೆಂದಿದ್ದರೆ ಆಗ ಫುಕೆಟ್‌ನಲ್ಲಿ ನಿಮ್ಮ ಫೋನ್ 4:30 ತೋರಿಸುತ್ತಿರುತ್ತದೆ. ಇನ್ನೂ ಒಂದು ಗಂಟೆ ಇದೆ ಎಂದು ಕಾಫಿಗೆ ಕೂತರೆ ಮುಗಿಯಿತು. ಮನೆಯವರಲ್ಲಿ ಒಬ್ಬರು ಸಾಮಾನ್ಯ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೇ ಇಡಲಿ.

ಇಳಿಯದೇ ಇರುವುದೂ ಒಂದು ಆಯ್ಕೆ

"ಇಷ್ಟು ದುಡ್ಡು ಕೊಟ್ಟಿದ್ದೇವೆ, ಇಳಿಯದಿದ್ದರೆ ಹೇಗೆ?" ಎನ್ನುವುದು ನಮ್ಮವರ ಮಾತು. ಬಂದರು ಶುಲ್ಕ ಟಿಕೆಟ್ಟಿನಲ್ಲೇ ಸೇರಿದೆ. ಇಳಿದರೂ ಅಷ್ಟೇ, ಇಳಿಯದಿದ್ದರೂ ಅಷ್ಟೇ. ಆಗಿಹೋದ ಖರ್ಚನ್ನು ಇವತ್ತಿನ ನಿರ್ಧಾರಕ್ಕೆ ಎಳೆದು ತರಬೇಡಿ. ಮೂರು ಬಂದರಿನ ಪ್ರವಾಸದಲ್ಲಿ ಎಪ್ಪತ್ತು ದಾಟಿದವರು ಎರಡರಲ್ಲಿ ಇಳಿದು ಮೂರನೆಯದರಲ್ಲಿ ಖಾಲಿ ಡೆಕ್ ಮೇಲೆ ಕೂತು ಸಮುದ್ರ ನೋಡಿದರೆ ಏನೂ ನಷ್ಟವಿಲ್ಲ. ಮಕ್ಕಳನ್ನು ಕರೆದುಕೊಂಡು ನೀವಿಬ್ಬರೂ ಹೋಗಿ ಬನ್ನಿ. ಇದನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. "ನಿಮಗೆ ಸುಸ್ತಾಗುತ್ತೆ, ಬೇಡ" ಎಂದು ನೀವೇ ತೀರ್ಮಾನಿಸಬೇಡಿ, ಅವರನ್ನೇ ಕೇಳಿ.

ಕಾಗದ ಪತ್ರ, ದುಡ್ಡು

ಭಾರತೀಯ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಎರಡು ವಿಷಯ ನೋಡಿ. ಒಂದು, ಕ್ರೂಸ್‌ಗೆ ಹೊರಟರೆ ಸಿಂಗಪುರ ಬಿಟ್ಟ ಹಾಗೆ. ವಾಪಸ್ ಬರಲು ಅವರ ವೀಸಾದಲ್ಲಿ ಇನ್ನೊಂದು ಪ್ರವೇಶ ಬಾಕಿ ಇರಬೇಕು. ಎರಡು, ವಿಯೆಟ್ನಾಂ ಬಂದರಿದ್ದರೆ ವೀಸಾ ವ್ಯವಸ್ಥೆ ಏನೆಂದು ಕ್ರೂಸ್ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ನಾವು ಅಲ್ಲಿ ಇಳಿಯುವುದಿಲ್ಲ ಎಂದರೂ, ವೀಸಾ ಇಲ್ಲದಿದ್ದರೆ ಹಡಗು ಹತ್ತಲು ಬಿಡದಿರಬಹುದು. ಮಲೇಷ್ಯಾ, ಥಾಯ್ಲೆಂಡ್ ನಿಯಮಗಳು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿವೆ. ಹೊರಡುವ ಮುನ್ನ ಸರ್ಕಾರಿ ತಾಣದಲ್ಲೇ ನೋಡಿ.

ಇಳಿಯುವಾಗ ಪ್ರತಿಯೊಬ್ಬರ ಜೇಬಿನಲ್ಲೂ ಪಾಸ್‌ಪೋರ್ಟ್ ಪ್ರತಿ, ಎರಡು ದಿನದ ಮಾತ್ರೆ, ಹಡಗಿನ ಬಂದರು ಏಜೆಂಟರ ಫೋನ್ ನಂಬರ್ ಇರಲಿ. ಏಜೆಂಟರ ನಂಬರ್ ಹಡಗಿನ ದಿನಪತ್ರಿಕೆಯಲ್ಲಿ ಇರುತ್ತದೆ. ಅಂಗಡಿಯ ಕಾರ್ಡ್ ಮೆಷಿನ್ "ಸಿಂಗಪುರ ಡಾಲರಿನಲ್ಲಿ ಕಟ್ಟುತ್ತೀರಾ?" ಎಂದು ಕೇಳಿದರೆ ಬೇಡ ಎಂದು ಸ್ಥಳೀಯ ಹಣವನ್ನೇ ಒತ್ತಿ; ಇಲ್ಲದಿದ್ದರೆ ವಿನಿಮಯ ದರ ಅವರು ಹಾಕಿದ್ದೇ. ಸಸ್ಯಾಹಾರಕ್ಕೆ ಥಾಯ್ಲೆಂಡ್‌ನಲ್ಲಿ "ಜೇ", ವಿಯೆಟ್ನಾಂನಲ್ಲಿ "ಚಾಯ್" ಎಂದು ಕೇಳಿ.

ಒಟ್ಟಿನಲ್ಲಿ

ಪ್ರತಿ ಬಂದರಿಗೂ ಈ ಕ್ರಮದಲ್ಲಿ ಕೇಳಿಕೊಳ್ಳಿ. ದಾರಿ ಕಳೆದು ಎಷ್ಟು ಗಂಟೆ ಉಳಿಯುತ್ತದೆ? ನಾಲ್ಕಕ್ಕಿಂತ ಕಡಿಮೆ ಇದ್ದರೆ ಹತ್ತಿರದ ಜಾಗ ನೋಡಿ. ಬೇರೇನೂ ಸಿಗದಿದ್ದರೂ ನಡೆದೋ ಹತ್ತು ನಿಮಿಷದ ಟ್ಯಾಕ್ಸಿಯಲ್ಲೋ ವಾಪಸ್ ಬರಬಹುದೇ? ಹಾಗಿದ್ದರೆ ಪ್ರೀಮಿಯಂ ಕೊಡಬೇಡಿ. ದೂರ ಹೋಗಲೇಬೇಕೆಂದರೆ ಎಷ್ಟು ಜನ, ಜೊತೆಗೆ ಯಾರು? ಇಬ್ಬರಾದರೆ ಅಥವಾ ಹಿರಿಯರಿದ್ದರೆ ಹಡಗಿನ ಟೂರ್. ಗಟ್ಟಿಮುಟ್ಟಾದ ನಾಲ್ಕೈದು ಜನರಾದರೆ ವ್ಯಾನ್, ಆದರೆ ಒಂದು ಗಂಟೆಯ ಅಂತರವನ್ನು ಶಾಪಿಂಗ್‌ಗೆ ಬಿಟ್ಟುಕೊಡಬೇಡಿ.

ನೀವು ಹೋಗುವ ಹಡಗಿನ ಪ್ರವಾಸಪಟ್ಟಿ ತೆಗೆದು ಇವತ್ತೇ ಒಂದು ಕಾಗದದ ಮೇಲೆ ಈ ಗಂಟೆಗಳನ್ನು ಕಳೆದು ನೋಡಿ. ಅರ್ಧ ಗಂಟೆಯ ಕೆಲಸ. ಟೂರ್ ಪಟ್ಟಿಯಲ್ಲಿ ಅರ್ಧದಷ್ಟು ಅಲ್ಲೇ ಹೊಡೆದುಹಾಕಬಹುದು.