ಖಾಲಿ ಕಾಡತೂಸು ಪಳಪಳ ಹೊಳೆದರೆ ಶುಚಿಯಾಯಿತೇ?

ಅಗಲ ಟೋಪಿ, ಉದ್ದ ಬೂಟು, ಸೊಂಟದಲ್ಲಿ ಎರಡು ರಿವಾಲ್ವರ್. ಅಮೆರಿಕದ ‘ಕೌಬಾಯ್ ಆಕ್ಷನ್ ಶೂಟಿಂಗ್’ ಸ್ಪರ್ಧೆಯ ವಿಡಿಯೋಗಳನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಗುಂಡಿನ ಸದ್ದು ನಿಂತ ಮೇಲೆ ಕೆಲವರು ಬಗ್ಗಿ, ನೆಲದಲ್ಲಿ ಬಿದ್ದ ಹಳದಿ ಕೊಳವೆಗಳನ್ನು ಆಯ್ದು ಬಕೆಟ್‌ಗೆ ತುಂಬುತ್ತಾರೆ. ಅವು ಹಿತ್ತಾಳೆಯ ಖಾಲಿ ಕಾಡತೂಸುಗಳು. ಗುಂಡು ಹಾರಿಹೋಗಿದೆ, ಇನ್ನೇನು ಅಪಾಯ, ತೊಳೆದು ಶೋಕೇಸಿನಲ್ಲಿಡಬಹುದಲ್ಲ ಎಂದು ಯಾರಿಗಾದರೂ ಅನಿಸೀತು. ಅದು ಪೂರ್ತಿ ನಿಜವಲ್ಲ.

ಮೊದಲು ಆಟ ಏನೆಂದು ನೋಡೋಣ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಇದನ್ನು 1987ರಲ್ಲಿ ಸ್ಥಾಪನೆಯಾದ ‘ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ’ ನಡೆಸುತ್ತದೆ. 19ನೇ ಶತಮಾನದ ಮಾದರಿಯ ಬಂದೂಕುಗಳೇ ಬೇಕು. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಎರಡು ರಿವಾಲ್ವರ್‌ಗಳಿಂದ ಸೇರಿ 10, ಲಿವರ್ ರೈಫಲ್‌ನಿಂದ 10 ಗುಂಡು, ಜೊತೆಗೆ ಶಾಟ್‌ಗನ್‌ನಿಂದ ಕೆಲವು. ರಿವಾಲ್ವರ್‌ನ ಖಾಲಿ ಕಾಡತೂಸು ಒಳಗೇ ಉಳಿಯುತ್ತದೆ, ಆಮೇಲೆ ಮೇಜಿನ ಬಳಿ ತೆಗೆಯುತ್ತಾರೆ. ರೈಫಲ್‌ನದು ಮಾತ್ರ ಲಿವರ್ ಎಳೆದಾಗಲೆಲ್ಲ ಹೊರಗೆ ಹಾರುತ್ತದೆ. 15 ಜನ ಆಡಿದರೆ ಒಂದೇ ಸುತ್ತಿಗೆ 150 ಕಾಡತೂಸು ನೆಲದ ಮೇಲೆ!

ಆಯ್ದುಕೊಳ್ಳುವುದು ಯಾಕೆಂದರೆ ಕಾಡತೂಸಿನಲ್ಲಿ ಮರುಬಳಕೆಗೆ ಬರುವ ಭಾಗ ಈ ಕೊಳವೆ ಒಂದೇ. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ. ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಹಾಕಿದರೆ ಮತ್ತೆ ಸಿದ್ಧ. ಈ ಆಟದಲ್ಲಿ ಮದ್ದಿನ ಒತ್ತಡ ಕಡಿಮೆ ಇರುವುದರಿಂದ ಒಂದೇ ಕೊಳವೆ ಎಷ್ಟೋ ಸಲ ಬಾಳುತ್ತದೆ. ತಮ್ಮದು ಯಾವುದೆಂದು ತಿಳಿಯಲು ಹಲವರು ಬುಡಕ್ಕೆ ಬಣ್ಣದ ಪೆನ್ನಿನಿಂದ ಗುರುತು ಹಾಕುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಎಷ್ಟೋ ಕಡೆ ನೆಲಕ್ಕೆ ಬಿದ್ದದ್ದು ಬಿಟ್ಟಂತೆಯೇ, ಸಮಯ ಉಳಿಸಲು ಆ ನಿಯಮ.

ಈಗ ಅಸಲು ವಿಷಯ, ಸೀಸ. ಇಲ್ಲಿ ರಿವಾಲ್ವರ್, ರೈಫಲ್‌ಗಳಿಗೆ ಬಳಸುವುದು ತಾಮ್ರದ ಹೊದಿಕೆಯಿಲ್ಲದ ಸೀಸದ ಗುಂಡು. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಗುಂಡು ಹಾರಿದ ಮೇಲೆ ಅದರ ಮಸಿ ಕೊಳವೆಯ ಒಳಗೂ ಹೊರಗೂ ಅಂಟಿರುತ್ತದೆ. ಅದನ್ನು ಮುಟ್ಟಿದ ಕೈಯಲ್ಲಿ ತಿಂಡಿ ತಿಂದರೆ ಸೀಸ ನೇರ ಹೊಟ್ಟೆಗೆ. ಮಕ್ಕಳಿಗೆ ಇಷ್ಟು ಸೀಸ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿದುಳಿನ ಬೆಳವಣಿಗೆಗೆ ಅದು ಪೆಟ್ಟು ಕೊಡುತ್ತದೆ. ಹಾಗಾಗಿ ಅನುಭವಿಗಳು ಕೈಗವಸು ಹಾಕಿ ಆಯುತ್ತಾರೆ, ಬಳಿಕ ತಣ್ಣೀರು, ಸೋಪಿನಲ್ಲಿ ಕೈ ತೊಳೆದೇ ಊಟಕ್ಕೆ ಕೂರುತ್ತಾರೆ.

ಹೊಳಪಿನ ಮೋಸ ಇರುವುದು ಇಲ್ಲೇ. ಕಾಡತೂಸು ಉಜ್ಜಲು ಟಂಬ್ಲರ್ ಎಂಬ ತಿರುಗುವ ಯಂತ್ರವಿದೆ (ನಮ್ಮ ಕಾಫಿ ಲೋಟ ಅಲ್ಲ). ಅಕ್ರೋಟಿನ ಚಿಪ್ಪಿನ ಪುಡಿಯಲ್ಲಿ ಒಣಗಿದ್ದಂತೆಯೇ ಉಜ್ಜಿದರೆ ಹಿತ್ತಾಳೆ ಫಳಫಳ ಹೊಳೆಯುತ್ತದೆ. ಆದರೆ ಮುಚ್ಚಳ ತೆಗೆದಾಗ ಏಳುವ ಧೂಳಿನಲ್ಲಿ ಸೀಸವೂ ಇರುತ್ತದೆ. ನೀರು, ಸೋಪು, ಸಣ್ಣ ಸ್ಟೀಲ್ ಕಡ್ಡಿಗಳ ಜೊತೆ ಉಜ್ಜಿದರೆ ಧೂಳಿಲ್ಲ, ಆದರೆ ಆ ಕೊಳೆ ನೀರನ್ನು ಅಡುಗೆಮನೆಯ ಸಿಂಕಿಗೋ ಗಿಡದ ಬುಡಕ್ಕೋ ಸುರಿಯಬಾರದು. ಹಳೆಯ ಕಪ್ಪು ಮದ್ದು ಬಳಸಿದವರಿಗೆ ಇನ್ನೂ ಅವಸರ: ಅದರ ಬೂದಿ ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತದೆ, ಆದ್ದರಿಂದ ಮೈದಾನದಲ್ಲೇ ಸೋಪು ನೀರಿನ ಡಬ್ಬಕ್ಕೆ ಹಾಕಿಬಿಡುತ್ತಾರೆ.

ನಮ್ಮ ಮನೆಗಳಲ್ಲಿ ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗುವಂತೆ ಅಲ್ಲಿನವರು ಸಿಟ್ರಿಕ್ ಆಮ್ಲ ಬಳಸುತ್ತಾರೆ, ಎರಡೂ ಹುಳಿಯ ಕೆಲಸವೇ. ಸ್ವಲ್ಪ ಹೊತ್ತಾದರೆ ಸರಿ. ತುಂಬಾ ಹೊತ್ತು ನೆನೆದರೆ ಸತು ಕರಗಿ ತಾಮ್ರದ ಗುಲಾಬಿ ಛಾಯೆ ಮೂಡುತ್ತದೆ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದಕ್ಕೆ ಪುರಾವೆ ಬಂದದ್ದು ಭಾರತದಿಂದಲೇ! ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆ ಕಾಡತೂಸುಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಬರುವ ಅಮೋನಿಯಾ, ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಬಿರುಕು ಬಿಟ್ಟ ಕೊಳವೆಯಲ್ಲಿ ಮತ್ತೆ ಮದ್ದು ತುಂಬಿದರೆ ಬಂದೂಕಿನೊಳಗೇ ಸೀಳಬಹುದು.

ಇಡುವಾಗ ಪೂರ್ತಿ ಒಣಗಿಸಿ, ಅಳತೆವಾರು ಬೇರೆ ಮಾಡಿ, ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದು ಇಡುತ್ತಾರೆ. ಅಡುಗೆಯ ಓವನ್‌ನಲ್ಲಿ ಒಣಗಿಸುವಂತಿಲ್ಲ, ತಿಂಡಿಯ ಡಬ್ಬಿ ಬಳಸುವಂತಿಲ್ಲ. ಇನ್ನೊಂದು ಎಚ್ಚರ: ಸಿಡಿಯದ ಸಜೀವ ಗುಂಡೂ ರೈಫಲ್‌ನಿಂದ ಹಾರಿ ಖಾಲಿಯವುಗಳ ನಡುವೆ ಬಿದ್ದಿರಬಹುದು. ಹಾಗಾಗಿ ಒಂದೊಂದನ್ನೂ ನೋಡಿಯೇ ಬಕೆಟ್‌ಗೆ ಹಾಕಬೇಕು.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಇಂಥ ಸ್ಪರ್ಧೆ ನೋಡಿ ನೆನಪಿಗೆಂದು ಒಂದು ಖಾಲಿ ಕಾಡತೂಸು ಜೇಬಿಗೆ ಹಾಕಿಕೊಳ್ಳಬಹುದು. ಅದನ್ನು ಬ್ಯಾಗಿನಲ್ಲಿ ಊರಿಗೆ ತರಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿದರೆ ‘ಖಾಲಿ ಇದೆ ಸ್ವಾಮಿ’ ಎಂದು ಪೊಲೀಸರಿಗೆ ವಿವರಿಸುತ್ತಾ ಕೂರಬೇಕಾದೀತು. ನೆನಪಿಗೆ ಫೋಟೋ ತೆಗೆದುಕೊಳ್ಳಿ.