ಹಣದ ಹೊಳೆಗೆ ಅಣೆಕಟ್ಟು

ಮಳೆಗಾಲದಲ್ಲಿ ಕೃಷ್ಣಾ ನದಿಯು ದಡ ಮೀರಿ ಹರಿಯುತ್ತದೆ. ಬೇಸಿಗೆ ಬಂದಿತೆಂದರೆ ಅದೇ ನದಿ ಬಂಡೆಗಳ ನಡುವೆ ಸೊರಗಿ ಸಾಗುತ್ತದೆ. ನೀರು ಬರುವ ಕಾಲ ಬೇರೆ, ಅದು ಬೇಕಾಗುವ ಕಾಲ ಬೇರೆ. ಈ ಅಂತರವನ್ನು ತುಂಬಲೆಂದೇ ನಾರಾಯಣಪುರದ ಬಳಿ ಬಸವಸಾಗರ ಅಣೆಕಟ್ಟನ್ನು ಕಟ್ಟಲಾಯಿತು. 1982ರಲ್ಲಿ ಪೂರ್ಣಗೊಂಡ ಈ ಜಲಾಶಯದ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಕಡೆಯ ಹೊಲಗಳಿಗೆ ನೀರುಣಿಸುತ್ತಿದೆ.

ಮನೆತನದ ಹಣವೂ ಹೊಳೆಯ ನೀರಿನಂತೆಯೇ. ಯಾದಗಿರಿ ಜಿಲ್ಲೆಯ ರೈತನ ಕೈಗೆ ಹಣ ಬರುವುದು ತೊಗರಿ, ಹತ್ತಿ, ಭತ್ತ, ಮೆಣಸಿನಕಾಯಿಗಳನ್ನು ಮಾರಿದಾಗ ಮಾತ್ರ. ಕೂಲಿಯನ್ನು ಅರಸಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದವರು ಊರಿಗೆ ಮರಳುವಾಗ ದುಡಿಮೆಯ ಹಣವನ್ನು ಒಮ್ಮೆಗೇ ತರುತ್ತಾರೆ. ಆದರೆ ಒಲೆ ಉರಿಯಬೇಕಾದದ್ದು ವರ್ಷದ 12 ತಿಂಗಳೂ. ಬಂದ ಹಣಕ್ಕೆ ಒಡ್ಡು ಕಟ್ಟಿ, ಬೇಕಾದ ಕಾಲಕ್ಕೆ ಬೇಕಾದಷ್ಟನ್ನೇ ಹರಿಯಬಿಡುವ ವಿದ್ಯೆಯನ್ನು ಬಲ್ಲವನೇ ಆರ್ಥಿಕ ಯೋಜಕ.

ಹಣವನ್ನು ಇಮ್ಮಡಿಗೊಳಿಸುವುದೇ ಇವನ ಕೆಲಸವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಮನೆಯ ಆದಾಯವೆಷ್ಟು, ವೆಚ್ಚವೆಷ್ಟು, ಸಾಲವೆಷ್ಟು, ಮುಂದೆ ಬರಬಹುದಾದ ಆಪತ್ತುಗಳೇನು ಎಂಬುದನ್ನು ಅವನು ಮೊದಲು ಕೇಳಿ ತಿಳಿಯುತ್ತಾನೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬ ರೈತನು ಮಗಳ ಓದಿಗೆಂದು 50,000 ರೂಪಾಯಿಗಳನ್ನು ಶೇಕಡ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾನೆ ಎಂದುಕೊಳ್ಳಬಹುದು. ಬಿತ್ತನೆಯ ಕಾಲಕ್ಕೆ ಅಷ್ಟೇ ಮೊತ್ತವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಸಾಹುಕಾರನಿಂದ ತಂದಿದ್ದಾನೆ. ವರ್ಷಕ್ಕೆ ಅವನಿಗೆ ಬರುವ ಬಡ್ಡಿ 3,500 ರೂಪಾಯಿ. ಅವನು ತೆರುವ ಬಡ್ಡಿ 18,000 ರೂಪಾಯಿ. ಮೂರು ವರ್ಷ ಕಳೆದರೆ ಬಡ್ಡಿಯೇ 54,000 ರೂಪಾಯಿಗಳಾಗಿ ಅಸಲನ್ನು ಮೀರುತ್ತದೆ. ಅಸಲು ಮಾತ್ರ ಹಾಗೆಯೇ ಉಳಿದಿರುತ್ತದೆ. ಮಗಳ ಓದಿಗೆ ಮುಡಿಪಾದ ಠೇವಣಿಯನ್ನು ಮುಟ್ಟಲು ತಂದೆಯ ಮನಸ್ಸು ಒಪ್ಪದು. ಆದರೆ ಆ ಓದನ್ನು ಉಳಿಸಬೇಕಾದರೆ ಠೇವಣಿಯನ್ನು ಮುರಿದು ಸಾಲ ತೀರಿಸುವುದೇ ಲೇಸೆಂದು ಯೋಜಕನು ಲೆಕ್ಕವಿಟ್ಟು ತೋರಿಸುತ್ತಾನೆ. ಸಕಾಲದಲ್ಲಿ ಮರುಪಾವತಿ ಮಾಡುವ ರೈತರಿಗೆ ಸಹಕಾರ ಸಂಘಗಳಲ್ಲಿ ಬಡ್ಡಿರಹಿತ ಬೆಳೆಸಾಲ ದೊರೆಯುವುದೆಂದೂ ತಿಳಿಸುತ್ತಾನೆ.

ಆಪತ್ತು ಹೇಳಿ ಬರುವುದಿಲ್ಲ. ಆದುದರಿಂದ ಕೆಲವು ತಿಂಗಳ ಸಂಸಾರಕ್ಕೆ ಸಾಲುವಷ್ಟು ಹಣವನ್ನು ತೆಗೆದಿರಿಸುವುದು, ಬೆಳೆಗೂ ಜೀವಕ್ಕೂ ವಿಮೆ ಮಾಡಿಸುವುದು ಯೋಜನೆಯ ಮುಖ್ಯ ಅಂಗಗಳು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ ಮತ್ತು ಬೇಳೆಕಾಳುಗಳಿಗೆ ರೈತನು ತೆರಬೇಕಾದ ಕಂತು ವಿಮಾ ಮೊತ್ತದ ಶೇಕಡ 2ನ್ನು ಮೀರುವುದಿಲ್ಲ. ಇಂತಹ ಸೌಲಭ್ಯಗಳಿದ್ದರೂ ತಿಳಿಸಿ ಹೇಳುವವರಿಲ್ಲದೆ ಅವು ಎಷ್ಟೋ ಮನೆಗಳನ್ನು ಮುಟ್ಟುವುದೇ ಇಲ್ಲ.

ಈ ವೃತ್ತಿಯ ಕಠಿಣ ಪರೀಕ್ಷೆಯಿರುವುದು ಲೆಕ್ಕದಲ್ಲಲ್ಲ, ಪ್ರಾಮಾಣಿಕತೆಯಲ್ಲಿ. ಸಾಲ ತೀರಿಸು ಎಂಬ ಸಲಹೆಯಿಂದ ಯಾವ ಪಾಲಿಸಿಯೂ ಮಾರಾಟವಾಗುವುದಿಲ್ಲ. ಯಾರಿಗೂ ದಲ್ಲಾಳಿ ಸಿಗುವುದಿಲ್ಲ. ಬೇಡದ ಪಾಲಿಸಿಯೊಂದನ್ನು ಕೊಳ್ಳಿಸಿದರೆ ಮಾರಿದವನಿಗೆ ಲಾಭವುಂಟು. ಈ ಪ್ರಲೋಭನೆಯನ್ನು ತಡೆಯುವ ಸಲುವಾಗಿ ಸೆಬಿ ಸಂಸ್ಥೆಯು 2013ರಲ್ಲಿ ಹೂಡಿಕೆ ಸಲಹೆಗಾರರಿಗೆ ನಿಯಮಗಳನ್ನು ಜಾರಿಗೆ ತಂದಿತು. ಅವುಗಳ ಪ್ರಕಾರ ಸಲಹೆಗಾರನು ಗೊತ್ತಾದ ವಿದ್ಯಾರ್ಹತೆ ಪಡೆದು ನೋಂದಣಿಯಾಗಬೇಕು. ಸಲಹೆ ಕೇಳಿದವನ ಹಿತವನ್ನು ತನ್ನ ಹಿತಕ್ಕಿಂತ ಮುಂದಿಡಬೇಕು. ಆದರೂ ಕಾನೂನು ಕಾಣದ ಕಡೆಯಲ್ಲಿ ಕಾಯಬೇಕಾದದ್ದು ಮನಸ್ಸಾಕ್ಷಿಯೇ.

ಪರರ ಹಣವನ್ನು ನಿರ್ಮಲವಾಗಿ ಕಾಯುವ ಕಾಯಕಕ್ಕೆ ನಾಡಿನಲ್ಲಿ ಹಿರಿದಾದ ಪರಂಪರೆಯಿದೆ. ಬಸವಸಾಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿದ್ದು, ಮುಂದೆ ಭಂಡಾರಿಯಾದವರು. ಭಂಡಾರದ ಹಣ ಪೋಲಾಗುತ್ತಿದೆಯೆಂಬ ದೂರು ಕೇಳಿ ಅರಸನು ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದೇ ಅವರ ಗುರಿಯಾಗಿತ್ತು.

ವೈದ್ಯನು ಗುಣಪಡಿಸಿದ ರೋಗಿಯನ್ನು ಊರು ಕಾಣುತ್ತದೆ. ಶಿಲ್ಪಿಯು ಕಟ್ಟಿದ ಸೇತುವೆಯನ್ನು ಲೋಕ ಮೆಚ್ಚುತ್ತದೆ. ಆದರೆ ಹರಾಜಾಗದೆ ಉಳಿದ ಹೊಲವನ್ನು, ಶಾಲೆ ಬಿಡದೆ ಓದು ಮುಂದುವರಿಸಿದ ಹುಡುಗಿಯನ್ನು ಕಂಡು ಯೋಜಕನನ್ನು ನೆನೆಯುವವರು ವಿರಳ. ಏಕೆಂದರೆ ಒದಗದೇ ಹೋದ ಕಷ್ಟವು ಕಣ್ಣಿಗೆ ಕಾಣುವುದಿಲ್ಲ. ಕಾಲುವೆಯ ತೂಬನ್ನು ಕಾಯುವವನ ಹೆಸರು ಬೆಳೆದ ಪೈರಿಗೆ ತಿಳಿದಿರುವುದಿಲ್ಲ. ಆದರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೆಂಬ ಅರಿವು ಅವನಿಗಿರುತ್ತದೆ. ಆರ್ಥಿಕ ಯೋಜಕನ ಸಾರ್ಥಕತೆಯೂ ಹೆಮ್ಮೆಯೂ ಆ ಅರಿವಿನಲ್ಲಿಯೇ ಇವೆ.